ಕೆಳಗಿನ ಬಲಮೂಲೆ

ಅರಸೀಕೆರೆಯಲ್ಲಿ ನನ್ನ ಸೋದರಮಾವ ಒಂದು ಪ್ರೆಸ್ ಇಟ್ಟುಕೊಂಡಿದ್ದರು. ಪ್ರೆಸ್ ಅಂದರೆ ದೊಡ್ಡದೇನಲ್ಲ. ಒಂದು ಟ್ರೆಡಲ್ ಯಂತ್ರ, ಅಚ್ಚುಮೊಳೆಗಳ ನಾಲ್ಕಾರು ಕೇಸು, ಒಬ್ಬ ಕಂಪೋಸಿಟರ್, ಕೈ ಒರೆಸಿಕೊಳ್ಳಲು ಸೀಮೆಎಣ್ಣೆ ಬಟ್ಟೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ವೈಕುಂಠ ಸಮಾರಾಧನೆಯ ಕಾರ್ಡು, ಇಷ್ಟೇ ಕೆಲಸ. ಕಾರ್ಡಿನ ಮೇಲೆ ತೀರಿಕೊಂಡವರ ಫೋಟೊ ಬೇಕೆಂದರೆ ಬೆಂಗಳೂರಿಗೆ ಕಳಿಸಿ ‘ಬ್ಲಾಕ್’ ಮಾಡಿಸಿ ತರಬೇಕಾಗಿತ್ತು. ಮರದ ತುಂಡಿಗೆ ಮೊಳೆ ಹೊಡೆದು ಕೂರಿಸಿದ ಸತುವಿನ ತಗಡು. ಅದರ ಮೇಲೆ ಕಂಡೂ ಕಾಣದಂಥ ಚುಕ್ಕೆಗಳಲ್ಲಿ ಒಂದು ಮುಖ, ಎಡಬಲ ಅದಲುಬದಲಾಗಿ.

ನನ್ನ ತಾಯಿಯ ತಂದೆಯ ಬ್ಲಾಕು ಈಗಲೂ ನನ್ನ ಹತ್ತಿರ ಇದೆ. ಸಮಾರಾಧನೆಗೆಂದು ಮಾಡಿಸಿದ್ದು ವರ್ಷಾಬ್ದಿಕಕ್ಕೂ ಆಯಿತು. ಆಮೇಲೆ ಅಜ್ಜ ಓಡಾಡಿ ಕಟ್ಟಿಸಿದ ಛತ್ರದ ರಸೀದಿ ಪುಸ್ತಕದ ಮೇಲೆ ವರ್ಷಗಟ್ಟಲೆ ಓಡಿತು. ಒಂದು ದಿನ ಮಾವ ರಸೀದಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, “ನೋಡೋ, ಅಪ್ಪ ಸವೆದುಹೋದ್ರು” ಅಂದರು. ಕೆನ್ನೆಯ ಬಿಳುಪಿಗೆಲ್ಲ ಇಂಕು ತುಂಬಿ ಮುಖ ಕಪ್ಪು ಮುದ್ದೆಯಾಗಿತ್ತು. ಕನ್ನಡಕದ ಒಂದು ದುಂಡು ಮಾತ್ರ ಉಳಿದಿತ್ತು.

ಆ ಮಾತು ಮತ್ತೆ ನೆನಪಾದದ್ದು ಲಂಡನ್ನಿನಲ್ಲಿ. ಮಗಳ ಮನೆಗೆ ಹೋಗಿದ್ದಾಗ ಒಂದು ಮಧ್ಯಾಹ್ನ ವಾಟರ್ಲೂ ಸೇತುವೆಯ ಕೆಳಗೆ, ಥೇಮ್ಸ್ ದಂಡೆಯಲ್ಲಿ, ಹಳೆ ಪುಸ್ತಕ ಹರಡಿಕೊಂಡಿರುವ ಮೇಜುಗಳ ನಡುವೆ ಅಡ್ಡಾಡುತ್ತಿದ್ದೆ. ಒಂದು ಪೆಟ್ಟಿಗೆಯ ತುಂಬ ಹಳೆಯ ಅಚ್ಚುಚಿತ್ರಗಳು. ಊರುಗಳು, ಹಕ್ಕಿಗಳು, ಚರ್ಚುಗಳು, ಅವುಗಳ ನಡುವೆ ಮುಖಗಳು. 6 ಪೌಂಡ್ ಕೊಟ್ಟು ಒಂದು ಮುಖ ಕೊಂಡೆ. ಅಂಗೈಗಿಂತ ತುಸು ದೊಡ್ಡ ಹಾಳೆ. ನಡುವಯಸ್ಸಿನ ಗಂಡಸು, ಕಿವಿಯವರೆಗೆ ಏರಿದ ಕಾಲರು, ಕುತ್ತಿಗೆಗೆ ಸುತ್ತಿದ ಬಿಳಿ ವಸ್ತ್ರ. 1800ರ ನಂತರದ ಒಂದೆರಡು ದಶಕಗಳ ಉಡುಪು. ಹೆಸರಿರಬೇಕಾದ ಕೆಳಗಿನ ಅಂಚನ್ನು ಯಾರೋ ಕತ್ತರಿಸಿದ್ದಾರೆ. ಕತ್ತರಿ ಓರೆಯಾಗಿ ಓಡಿದ್ದರಿಂದ ಬಲತುದಿಯಲ್ಲಿ ಎರಡೇ ಅಕ್ಷರ ಉಳಿದುಕೊಂಡಿವೆ. ಅವು ‘ಸ್ಕಲ್ಪ್‌ಸಿಟ್’ ಎಂಬ ಲ್ಯಾಟಿನ್ ಮಾತಿನ ಮೊಟಕು ರೂಪ. ಅಂದರೆ ‘ಕೆತ್ತಿದನು’. ಯಾರನ್ನು, ಯಾರು ಎಂಬುದು ಕತ್ತರಿಯ ಪಾಲಾಗಿ, ಕ್ರಿಯಾಪದ ಮಾತ್ರ ನನ್ನ ಪಾಲಿಗೆ ಬಂತು.

ಆ ಕಾಲದ ಮುಖಚಿತ್ರಗಳ ಕೆಳಗೆ ಒಂದು ಶಿಸ್ತು ಇರುತ್ತಿತ್ತು. ಚಿತ್ರಕ್ಕೆ ತಾಗಿದಂತೆ ಎಡಮೂಲೆಯಲ್ಲಿ ಬಣ್ಣದ ಚಿತ್ರ ಬರೆದವನ ಹೆಸರು, ಪಕ್ಕದಲ್ಲಿ ‘ಪಿಂಕ್ಸಿಟ್’, ಬರೆದನು. ಬಲಮೂಲೆಯಲ್ಲಿ ಅದನ್ನು ನೋಡಿ ತಾಮ್ರದ ಮೇಲೆ ಕೊರೆದವನ ಹೆಸರು, ‘ಸ್ಕಲ್ಪ್‌ಸಿಟ್’. ನಡುವೆ ದೊಡ್ಡ ಅಕ್ಷರದಲ್ಲಿ ಚಿತ್ರದಲ್ಲಿರುವ ದೊಡ್ಡಮನುಷ್ಯನ ಹೆಸರು. ಎಲ್ಲಕ್ಕಿಂತ ಕೆಳಗೆ ಪ್ರಕಾಶಕನ ವಿಳಾಸ, ತಿಂಗಳು ತಾರೀಕು ಸಮೇತ. ಈ ತಾರೀಕು ಅಲಂಕಾರಕ್ಕಲ್ಲ. 1735ರಲ್ಲಿ ಚಿತ್ರಕಾರ ವಿಲಿಯಂ ಹೊಗಾರ್ತ್ ಮತ್ತವನ ಗೆಳೆಯರು ಹೋರಾಡಿ ಮಾಡಿಸಿಕೊಂಡ ಕಾಯಿದೆಯಂತೆ, ಅಚ್ಚಿನ ತಾಮ್ರದ ಹಲಗೆಯ ಮೇಲೆ ಹೆಸರು, ದಿನ ಕೊರೆದಿದ್ದರೆ ಮಾತ್ರ ಹದಿನಾಲ್ಕು ವರ್ಷ ಬೇರೆಯವರು ನಕಲು ಮಾಡುವಂತಿರಲಿಲ್ಲ.

ಎಡಕ್ಕೆ ಬರೆದವನು, ಬಲಕ್ಕೆ ಕೊರೆದವನು. ಇದನ್ನು ಓದಿದಾಗ ನನಗೆ ಹೊಸದೆನಿಸಲಿಲ್ಲ. ನಮ್ಮ ಶಾಸನಗಳ ಕೊನೆಯ ಸಾಲುಗಳೂ ಹೀಗೇ ತಾನೆ? ಇಂಥವನು ‘ಬರೆದಂ’, ಇಂಥವನು ‘ಕಂಡರಿಸಿದಂ’. 12ನೇ ಶತಮಾನದ ಶ್ರವಣಬೆಳಗೊಳದ ಶಾಸನಗಳಲ್ಲಿ ಗಂಗಾಚಾರಿ ಎಂಬ ಕಂಡರಣೆಗಾರ ‘ಬಿರುದರೂವಾರಿ ಮುಖತಿಲಕ’ ಎಂದು ಬಿರುದಿನೊಂದಿಗೆ ತನ್ನ ಹೆಸರು ಉಳಿಸಿಹೋಗಿದ್ದಾನೆ. ಕೊರೆದವನಿಗೆ ಬಿರುದು! ಲಂಡನ್ನಿನಲ್ಲಿ ಅಷ್ಟು ಸಲೀಸಾಗಿರಲಿಲ್ಲ. 1768ರಲ್ಲಿ ಅಲ್ಲಿನ ಕಲಾವಿದರ ಸಂಸ್ಥೆ ರಾಯಲ್ ಅಕಾಡೆಮಿ ಹುಟ್ಟಿದಾಗ ಕೆತ್ತನೆಗಾರರಿಗೆ ಪೂರ್ಣ ಸದಸ್ಯತ್ವ ಇರಲಿಲ್ಲ. ನಕಲು ಮಾಡುವವರು, ಸ್ವಂತ ಕಲ್ಪನೆಯಿಲ್ಲದವರು ಎಂಬುದು ನೆಪ. ಹೊರಜಗಲಿಯ ಮೇಲೆ ಮಣೆ ಹಾಕಿದಂತೆ ಅವರಿಗೆಂದೇ ಒಂದು ಕೆಳದರ್ಜೆಯ ಸದಸ್ಯತ್ವ ಮಾಡಿದರು. ಆಗ ಊರಿಗೆಲ್ಲ ಹೆಸರಾದ ಕೆತ್ತನೆಗಾರ ಬಾರ್ತೊಲೊಟ್ಸಿಯನ್ನು ಒಳಗೆ ಸೇರಿಸಿಕೊಳ್ಳಬೇಕಾಗಿ ಬಂದಾಗ ‘ಇವನು ಚಿತ್ರಕಾರ’ ಎಂದು ಲೆಕ್ಕ ಹಾಕಿಕೊಂಡರು. ಕೆತ್ತನೆಗಾರನಾಗಿಯೇ ಪೂರ್ಣ ಸದಸ್ಯತ್ವ ಪಡೆದ ಮೊದಲಿಗ ಸ್ಯಾಮ್ಯುಯೆಲ್ ಕಸಿನ್ಸ್. ಅದು 1855ರಲ್ಲಿ. ಅಷ್ಟು ಹೊತ್ತಿಗೆ ಫೋಟೊ ಬಂದು ಅವನ ಕಸುಬಿಗೇ ಕಂಟಕ ಶುರುವಾಗಿತ್ತು.

ಮನೆಗೆ ಬಂದು ಮಗಳ ಭೂತಗನ್ನಡಿಯಲ್ಲಿ ನನ್ನ 6 ಪೌಂಡಿನ ಮುಖವನ್ನು ನೋಡಿದೆ. ಕೆನ್ನೆಯೆಲ್ಲ ಚುಕ್ಕೆ. ಅಜ್ಜನ ಬ್ಲಾಕಿನದೂ ಚುಕ್ಕೆಯೇ, ಆದರೆ ಅವು ಜಾಲರಿಯ ಹಾಗೆ ಸಾಲಾಗಿ ನಿಂತ ಯಂತ್ರದ ಚುಕ್ಕೆಗಳು. ಇವು ಹಾಗಲ್ಲ. ಕಣ್ಣಿನ ಕೆಳಗೆ ಗುಂಪುಗೂಡಿವೆ, ಮೂಗಿನ ಏಣಿನ ಮೇಲೆ ಮಾಯವಾಗಿವೆ, ಗಲ್ಲದ ತಿರುವಿನಲ್ಲಿ ತಿರುಗಿ ಸಾಲುಗಟ್ಟಿವೆ. ಒಂದೊಂದನ್ನೂ ಯಾರೋ ಕೂತು ಇಟ್ಟಿದ್ದಾರೆ. ನಮ್ಮಲ್ಲಿ ಮದುವೆ ಉಡುಗೊರೆಯ ಸ್ಟೀಲ್ ಪಾತ್ರೆಯ ಮೇಲೆ ಹೆಸರು ಹಾಕಿಸುತ್ತಿದ್ದದ್ದು ನೆನಪಿದೆಯಲ್ಲ? ಪಾತ್ರೆ ಅಂಗಡಿಯ ಬಾಗಿಲಲ್ಲಿ ಒಬ್ಬ ಕೂತು, ಸಣ್ಣ ಉಳಿ ಸುತ್ತಿಗೆಯಲ್ಲಿ ಟಿಕ್ ಟಿಕ್ ಎಂದು ಚುಕ್ಕೆ ಇಡುತ್ತ ‘ಇವರಿಂದ ಇವರಿಗೆ’ ಬರೆದುಕೊಡುತ್ತಿದ್ದ. ಆ ಟಿಕ್ ಟಿಕ್‌ನಲ್ಲಿ ಒಂದು ಇಡೀ ಮುಖ ಮಾಡುವುದೆಂದರೆ ಏನೆಂದು ಊಹಿಸಿಕೊಳ್ಳಿ.

ಇದಕ್ಕೆ ಸ್ಟಿಪಲ್ ಎಂದು ಹೆಸರು. ಸೀಮೆಸುಣ್ಣದ ಚಿತ್ರದ ಹುಡಿಹುಡಿಯಾದ ಮೆತ್ತನೆ ಗುಣವನ್ನು ಲೋಹದಲ್ಲಿ ತರುವ ಫ್ರೆಂಚರ ಪದ್ಧತಿಯೊಂದು ಇದರ ತಾಯಿ. ಅದನ್ನು ಪ್ಯಾರಿಸ್ಸಿನಲ್ಲಿ ಕಲಿತು ಇಂಗ್ಲೆಂಡಿಗೆ ತಂದವರಲ್ಲಿ ವಿಲಿಯಂ ವಿನ್ ರೈಲ್ಯಾಂಡ್ ಮುಖ್ಯನಾದವನು. ಇವನದೊಂದು ಕಥೆ ಇದೆ, ಆಮೇಲೆ ಹೇಳುತ್ತೇನೆ.

ಮೊದಲು ಕೆಲಸದ ಬಗೆ. ಕನ್ನಡಿಯಂತೆ ನುಣುಪು ಮಾಡಿದ ತಾಮ್ರದ ಹಲಗೆಯನ್ನು ಬಿಸಿ ಮಾಡಿ ಮೇಣದ ತೆಳುಪದರ ಬಳಿಯುತ್ತಾರೆ. ಮೇಣದ ಬತ್ತಿಯ ಹೊಗೆ ಹಿಡಿದು ಅದನ್ನು ಕಪ್ಪು ಮಾಡುತ್ತಾರೆ, ಸೂಜಿ ಓಡಿದಲ್ಲಿ ತಾಮ್ರ ಥಳಥಳ ಕಾಣಲೆಂದು. ಗೆರೆಯೋ ಚುಕ್ಕೆಯೋ ಸೂಜಿಯಲ್ಲಿ ಮೇಣ ಸರಿಸಿ ಆಮ್ಲ ಹೊಯ್ದರೆ ತೆರೆದಲ್ಲೆಲ್ಲ ತಾಮ್ರವನ್ನು ಅದು ತಿನ್ನುತ್ತದೆ. ತಿಳಿಯಾಗಿರಬೇಕಾದ ಕಡೆ ಬೇಗ ಮುಚ್ಚಿಬಿಡುವುದು, ಗಾಢವಾಗಬೇಕಾದ ಕಡೆ ಇನ್ನಷ್ಟು ಹೊತ್ತು ಬಿಡುವುದು. ಇದು ಎಚಿಂಗ್. ಆದರೆ ಮುಖಚಿತ್ರಕ್ಕೆ ಇದು ಪೀಠಿಕೆ ಮಾತ್ರ. ಮೇಣ ತೆಗೆದ ಮೇಲೆ ನಿಜವಾದ ಉಳಿ, ಬ್ಯೂರಿನ್, ಕೈಗೆ ಬರುತ್ತದೆ. ಚೌಕ ಉಕ್ಕಿನ ಕಡ್ಡಿ, ತುದಿ ಓರೆಯಾಗಿ ಮಸೆದದ್ದು, ಅಣಬೆಯಂಥ ಹಿಡಿ ಅಂಗೈಯೊಳಗೆ ಕೂರುತ್ತದೆ. ಪೆನ್ನಿನಂತೆ ಎಳೆಯುವುದಿಲ್ಲ, ನೇಗಿಲಿನಂತೆ ಮುಂದಕ್ಕೆ ನೂಕುವುದು. ಹಲಗೆಯ ಕೆಳಗೆ ಮರಳು ತುಂಬಿದ ತೊಗಲಿನ ದಿಂಬು. ಗೆರೆ ಬಾಗಬೇಕಾದರೆ ಕೈ ತಿರುಗುವುದಿಲ್ಲ, ದಿಂಬಿನ ಮೇಲೆ ಹಲಗೆ ತಿರುಗುತ್ತದೆ. ಒತ್ತಿದರೆ ಗೆರೆ ದಪ್ಪ, ಸಡಿಲಿಸಿದರೆ ಎಳೆಯಾಗಿ ಚೂಪಾಗಿ ಮುಗಿಯುತ್ತದೆ. ಭೂತಗನ್ನಡಿಯಲ್ಲಿ ಹೊಟ್ಟೆ ಉಬ್ಬಿ ತುದಿ ಸಣ್ಣಗಾದ ಗೆರೆ ಕಂಡರೆ ಅದು ಬ್ಯೂರಿನ್, ಉದ್ದಕ್ಕೂ ಒಂದೇ ದಪ್ಪವಿದ್ದು ತುದಿ ಮೊಂಡಾಗಿದ್ದರೆ ಆಮ್ಲ ತಿಂದದ್ದು.

ಆ ಕಾಲದ ಲಂಡನ್ನಿನ ರೂಢಿಯೆಂದರೆ ಮೈಬಣ್ಣಕ್ಕೆ ಚುಕ್ಕೆ, ಕೋಟಿಗೆ ಗೆರೆ. ನನ್ನ ಹಾಳೆಯಲ್ಲೂ ಹಾಗೇ ಇದೆ. ಕೆನ್ನೆ ಮಂಜಿನಂತೆ, ಕೋಟು ಉತ್ತ ಹೊಲದಂತೆ. ಕೆಲವು ಪಂಡಿತರಿಗೆ ಇದು ಬೆರಕೆ ಅನಿಸುತ್ತಿತ್ತಂತೆ, ಅವರಿಗೆ ಶುದ್ಧ ಗೆರೆಯ ಕೆತ್ತನೆಯೇ ಶ್ರೇಷ್ಠ. ನನಗೇನೋ ಈ ಬೆರಕೆಯೇ ಇಷ್ಟ. ಚರ್ಮ ಬೇರೆ, ಉಣ್ಣೆ ಬೇರೆ ಎಂದು ಬರೀ ಕಪ್ಪಿನಲ್ಲಿ ಹೇಳುವ ದಾರಿ ಅದು.

ತಪ್ಪಾದರೆ? ತಾಮ್ರಕ್ಕೆ ರಬ್ಬರಿಲ್ಲ. ತಪ್ಪಿದ ಜಾಗವನ್ನು ಹೆರೆದು ನುಣುಪು ಮಾಡಬೇಕು, ಅಲ್ಲಿ ಗುಳಿ ಬೀಳುತ್ತದೆ, ಗುಳಿಯ ಹಿಂಬದಿಯನ್ನು ಸರಿಯಾಗಿ ಗುರುತಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಮಟ್ಟಕ್ಕೆ ತರಬೇಕು, ಮತ್ತೆ ಕೆತ್ತಬೇಕು. ಇದೆಲ್ಲ ತಿರುಗುಮುರುಗಾಗಿ. ಹಲಗೆಯ ಎಡ ಕಾಗದದ ಬಲ. ಕೆತ್ತುವವನು ಮೂಲಚಿತ್ರವನ್ನು ಕನ್ನಡಿಯಲ್ಲಿಟ್ಟು ಆ ಪ್ರತಿಬಿಂಬ ನೋಡಿ ಕೊರೆಯಬೇಕಿತ್ತು. ಅವಸರದಲ್ಲಿ ಕನ್ನಡಿ ಬಿಟ್ಟವರ ಅಚ್ಚುಗಳಲ್ಲಿ ಸೇನಾಧಿಕಾರಿಯ ಕತ್ತಿ ಬಲಸೊಂಟದಲ್ಲಿ ನೇತಾಡುವುದನ್ನು ಕಾಣಬಹುದು.

ಇನ್ನೊಂದು ಪದ್ಧತಿ ಇದಕ್ಕೆ ಪೂರಾ ಉಲ್ಟಾ. ಮೆಜೊಟಿಂಟ್. 1642ರಲ್ಲಿ ಲುಡ್ವಿಗ್ ಫಾನ್ ಸೀಗೆನ್ ಎಂಬ ಜರ್ಮನ್ ಸೈನಿಕ ಹೆಸ್ಸೆಯ ರಾಣಿಯೊಬ್ಬಳ ಮುಖವನ್ನು ಈ ಬಗೆಯಲ್ಲಿ ಮಾಡಿದ. ಬೆಳೆದದ್ದು ಮಾತ್ರ ಇಂಗ್ಲೆಂಡಿನಲ್ಲಿ, ಎಷ್ಟೆಂದರೆ ಫ್ರೆಂಚರು ಇದನ್ನು ‘ಇಂಗ್ಲಿಷ್ ರೀತಿ’ ಎಂದೇ ಕರೆದರು. ಈಳಿಗೆಮಣೆಯ ಅಲಗಿನಂತೆ ಬಾಗಿದ, ಅಂಚಿನಲ್ಲಿ ಸಣ್ಣ ಹಲ್ಲುಗಳಿರುವ ಸಾಧನವನ್ನು ಹಲಗೆಯ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಓರೆಗೆ ತೊಟ್ಟಿಲಂತೆ ತೂಗುತ್ತ ಹೋಗುವುದು, ಇಡೀ ತಾಮ್ರ ಒರಟೊರಟಾಗುವವರೆಗೆ. ಈಗ ಇಂಕು ಹಚ್ಚಿ ಅಚ್ಚು ತೆಗೆದರೆ ಮಖಮಲ್ಲಿನಂಥ ಕಪ್ಪು, ಬೇರೇನೂ ಇಲ್ಲ. ಆ ಅಮಾವಾಸ್ಯೆಯೊಳಗಿಂದ ಹೆರೆಹೆರೆದು ಬೆಳಕು ತೆಗೆಯಬೇಕು. ಹೆರೆದಷ್ಟೂ ಬೂದು, ಉಜ್ಜಿ ಹೊಳಪಿಟ್ಟಲ್ಲಿ ಬಿಳಿ. ಹಣೆಯ ಮಿನುಗು, ಕಣ್ಣಿನ ನೀರಿನ ಚುಕ್ಕೆ, ಇವು ಕಟ್ಟಕಡೆಯ ಕೆಲಸ. ಉಳಿದವರು ಬಿಳಿಯ ಮೇಲೆ ಕಪ್ಪು ಹಾಕುತ್ತಾರೆ. ಮೆಜೊಟಿಂಟಿನವನಿಗೆ ಮುಖ ಬೆಳಗಾದ ಹಾಗೆ ಬರುತ್ತದೆ.

ಥಾಮಸ್ ಲಾರೆನ್ಸ್ 1825ರಲ್ಲಿ ಬರೆದ ಲ್ಯಾಂಬ್ಟನ್ ಹುಡುಗನ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಬಂಡೆಯ ಮೇಲೆ ಒರಗಿ ಕೂತ ಪುಟ್ಟ ಹುಡುಗ, ಮೈತುಂಬ ಕೆಂಪು ಮಖಮಲ್ಲು, ಸುತ್ತ ರಾತ್ರಿ. ಚಿತ್ರದ ಜೀವವೇ ಆ ಕೆಂಪು. ಅದನ್ನು ಮೆಜೊಟಿಂಟಿಗೆ ಇಳಿಸಿದವನು ಇದೇ ಕಸಿನ್ಸ್. ಅವನ ಹತ್ತಿರ ಕೆಂಪು ಇಲ್ಲವಲ್ಲ, ಇರುವುದು ಕಪ್ಪಿನ ಹಲವು ಮೆಟ್ಟಿಲು. ಮಖಮಲ್ಲು ಮಡಿಕೆಯ ಏಣಿನಲ್ಲಿ ಮಿಂಚಿ ಪಕ್ಕದಲ್ಲೇ ಬೆಳಕನ್ನು ನುಂಗುತ್ತದಲ್ಲ, ಅವನು ಹಿಡಿದದ್ದು ಅದನ್ನು. ಅಚ್ಚಿನಲ್ಲಿ ನೋಡಿದರೆ ಬಟ್ಟೆ ಕೆಂಪೆಂದು ಗೊತ್ತಾಗುವುದಿಲ್ಲ, ಆದರೆ ಮುಟ್ಟಿದರೆ ಹೇಗಿರುತ್ತದೆಂದು ಗೊತ್ತಾಗುತ್ತದೆ. ಇಂಥದನ್ನು ನಕಲು ಎಂದು ಹೊರಜಗಲಿಯಲ್ಲಿ ಕೂರಿಸಿದವರ ಬುದ್ಧಿಗೆ ಏನೆನ್ನೋಣ.

ಆದರೆ ಮೆಜೊಟಿಂಟಿಗೆ ಆಯಸ್ಸು ಕಡಿಮೆ. ಅದರ ಕಪ್ಪೆಲ್ಲ ನಿಂತಿರುವುದು ತಾಮ್ರದ ಕೂದಲೆಳೆಯಂಥ ಒರಟಿನ ಮೇಲೆ. ಪ್ರತಿ ಸಲವೂ ಇಂಕು ತುಂಬಿ, ಬಟ್ಟೆಯಿಂದಲೂ ಅಂಗೈಯಿಂದಲೂ ಒರೆಸಿ, ಒದ್ದೆ ಕಾಗದ ಹಾಸಿ, ಉಣ್ಣೆಯ ಹೊದಿಕೆ ಹೊದಿಸಿ ಎರಡು ಉರುಳೆಗಳ ನಡುವೆ ಹಿಂಡಿದಾಗ ಆ ಒರಟು ಒಂದಿಷ್ಟು ಮಲಗುತ್ತದೆ. ಮೊದಲ ಕೆಲವು ಡಜನ್ ಅಚ್ಚುಗಳು ಅದ್ಭುತ. ನೂರು ದಾಟಿದ ಮೇಲೆ ಕಪ್ಪು ಬೂದಾಗಿ, ಮುಖ ಬಿಳಿಚಿಕೊಳ್ಳುತ್ತದೆ. ಅಜ್ಜನ ಬ್ಲಾಕು ಸವೆದಾಗ ಕಪ್ಪಾಯಿತು, ಇವರು ಸವೆದಾಗ ಬೆಳ್ಳಗಾಗುತ್ತಿದ್ದರು, ಅಷ್ಟೇ ವ್ಯತ್ಯಾಸ. ಗೆರೆಯ ಕೆತ್ತನೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಾಳುತ್ತಿತ್ತು. ಹೀಗಾಗಿ ಅಕ್ಷರ ಕೊರೆಯುವುದಕ್ಕೂ ಮುಂಚೆ ತೆಗೆದ ‘ಪ್ರೂಫ್’ ಪ್ರತಿಗಳಿಗೆ ಹೆಚ್ಚಿನ ಬೆಲೆ. ಸಂಗ್ರಹಕಾರರು ಮುಂಗಡ ಹಣ ಕಟ್ಟಿ ಕಾಯುತ್ತಿದ್ದರು. ಒಬ್ಬ ಮನುಷ್ಯನ ಮುಖ ಎಷ್ಟು ಮನೆಗೆ ಹೋಗಬಹುದು ಎಂಬುದನ್ನು ಅವನ ಕೀರ್ತಿಗಿಂತ ಮೊದಲು ಲೋಹ ತೀರ್ಮಾನಿಸುತ್ತಿತ್ತು.

ಈಗ ರೈಲ್ಯಾಂಡನ ಕಥೆ. 1772ರಲ್ಲಿ ಹದಿನಾಲ್ಕರ ಹುಡುಗ, ಮುಂದೆ ಕವಿಯಾಗಿ ಹೆಸರಾದ ವಿಲಿಯಂ ಬ್ಲೇಕನನ್ನು ಕೆತ್ತನೆ ಕಲಿಯಲು ಸೇರಿಸಬೇಕಾಗಿತ್ತು. ಮೊದಲು ಕರೆದುಕೊಂಡು ಹೋದದ್ದು ಆಗ ರಾಜನ ಕೆತ್ತನೆಗಾರನಾಗಿದ್ದ ರೈಲ್ಯಾಂಡನ ಹತ್ತಿರ. ಹೊರಬಂದ ಹುಡುಗ ಅಪ್ಪನಿಗೆ, ಈ ಮನುಷ್ಯನ ಮುಖ ನನಗೆ ಹಿಡಿಸಲಿಲ್ಲ, ಇವನು ಗಲ್ಲಿಗೇರುವವನಂತೆ ಕಾಣುತ್ತಾನೆ ಅಂದನಂತೆ. ಬ್ಲೇಕನ ಮೊದಲ ಜೀವನಚರಿತ್ರೆಗಳಿಂದಲೂ ಓಡಾಡುತ್ತಿರುವ ಕಥೆ ಇದು, ಎಷ್ಟು ಉಪ್ಪು ಖಾರ ಸೇರಿದೆಯೋ. ಗಲ್ಲಂತೂ ನಿಜ. ಈಸ್ಟ್ ಇಂಡಿಯಾ ಕಂಪನಿಯ ಹುಂಡಿಯನ್ನು, ಅಂದರೆ ಹಣ ಪಾವತಿಯ ಪತ್ರವನ್ನು, ಖೋಟಾ ಮಾಡಿದನೆಂದು 1783ರ ಆಗಸ್ಟಿನಲ್ಲಿ ರೈಲ್ಯಾಂಡನನ್ನು ಟೈಬರ್ನಿನಲ್ಲಿ ನೇಣಿಗೆ ಹಾಕಿದರು. ಕೆತ್ತನೆಗಾರನ ಕೈ ಎಂದರೆ ಖೋಟಾದ ಕೈಯೂ ಹೌದು ಎಂಬ ಗುಮಾನಿ ಆ ಕಸುಬನ್ನು ಬಿಟ್ಟದ್ದೇ ಇಲ್ಲ.

ಹುಡುಗ ಬ್ಲೇಕ್ ಸೇರಿದ್ದು ಜೇಮ್ಸ್ ಬೇಸೈರ್ ಬಳಿ. 50 ಗಿನಿ ಶುಲ್ಕ, ಏಳು ವರ್ಷ. ಕವಿಯಾಗಿ ಇವತ್ತು ನಾವು ಅವನನ್ನು ಎಷ್ಟು ಓದಿದರೂ ಜೀವಮಾನವಿಡೀ ಅವನಿಗೆ ಅನ್ನ ಹಾಕಿದ್ದು ಬ್ಯೂರಿನ್. 1805ರಲ್ಲಿ ಕ್ರೊಮೆಕ್ ಎಂಬ ಪ್ರಕಾಶಕ, ರಾಬರ್ಟ್ ಬ್ಲೇರ್ ಎಂಬ ಹಿಂದಿನ ಕವಿಯ ಸಮಾಧಿಯ ಕುರಿತ ಕಾವ್ಯಕ್ಕೆ ಚಿತ್ರ ಬರೆದುಕೊಡು ಎಂದ. ಕೆತ್ತುವವನೂ ತಾನೇ ಎಂದುಕೊಂಡು ಬ್ಲೇಕ್ ಒಂದು ಮಾದರಿ ಮಾಡಿ ತೋರಿಸಿದ: ಕಪ್ಪು ನೆಲ, ಬಿಳಿ ಗೆರೆ, ಒರಟು, ಎದೆಗೆ ಗುದ್ದಿದಂಥದ್ದು. ಕ್ರೊಮೆಕ್ ಹೆದರಿದ. ಇದನ್ನು ಯಾರು ಕೊಳ್ಳುತ್ತಾರೆ? ಕೆತ್ತುವ ಕೆಲಸವನ್ನು ಸದ್ದಿಲ್ಲದೆ ಲೂಯಿಸ್ ಸ್ಕಿಯಾವೊನೆಟ್ಟಿ ಎಂಬ ಇಟಲಿಯವನಿಗೆ ಒಪ್ಪಿಸಿದ. ನಾಜೂಕಿನ, ಮಾರುಕಟ್ಟೆ ಬಲ್ಲ ಕೈ ಅದು. ದೊಡ್ಡ ಹಣ ಇರುವುದು ಕೆತ್ತುವ ಕೆಲಸದಲ್ಲೇ, ಬ್ಲೇಕನಿಗೆ ಅದೇ ಕೈತಪ್ಪಿತು. ಅವನು ಸಿಟ್ಟಿನಲ್ಲಿ ಸ್ಕಿಯಾವೊನೆಟ್ಟಿಯ ಹೆಸರನ್ನೇ ತಿರುಚಿ ‘ಅಸಾಸಿನೆಟ್ಟಿ’ ಎಂದು ಬರೆದುಕೊಂಡ. ಕೊಲೆಗಡುಕ ಎಂಬ ಅರ್ಥ ಬರುವ ಹಾಗೆ.

1808ರಲ್ಲಿ ಪುಸ್ತಕ ಹೊರಬಂತು. ಮೊದಲ ಪುಟದೆದುರಿಗೆ ಯಾರ ಮುಖವಿತ್ತು? ಬ್ಲೇಕನದೇ. ಹಿಂದಿನ ವರ್ಷ ಥಾಮಸ್ ಫಿಲಿಪ್ಸ್ ಬರೆದ ಬಣ್ಣದ ಚಿತ್ರ, ಕೆತ್ತಿದವನು ಸ್ಕಿಯಾವೊನೆಟ್ಟಿ. ತನ್ನ ಕೆಲಸ ಕಿತ್ತುಕೊಂಡವನ ಉಳಿಯಲ್ಲಿ ತನ್ನ ಮುಖ. ಮೂಲಚಿತ್ರ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಬ್ಲೇಕ್ ಬೆಂಚಿನ ಮೇಲೆ ಕೂತಿದ್ದಾನೆ, ದೊಡ್ಡ ಕಣ್ಣುಗಳು ಮೇಲೆ ಎಲ್ಲೋ ನೆಟ್ಟಿವೆ. ಚಿತ್ರ ಬರೆಸಿಕೊಳ್ಳುವಾಗ ದೇವದೂತ ಗೇಬ್ರಿಯಲ್ಲನ ವಿಷಯ ಮಾತಾಡುತ್ತಿದ್ದ, ಹಾಗಾಗಿ ಆ ನೋಟ ಬಂತು ಎನ್ನುತ್ತಾರೆ. ನಾನು ನೋಡಿದ್ದು ಕಣ್ಣನ್ನಲ್ಲ, ಕೈಯನ್ನು. ಕೈಯಲ್ಲಿರುವುದು ಪೆನ್ಸಿಲ್. ಮೂವತ್ತು ವರ್ಷ ಬ್ಯೂರಿನ್ ನೂಕಿದ ಕೈಗೆ ಚಿತ್ರದಲ್ಲಿ ಪೆನ್ಸಿಲ್ ಕೊಟ್ಟಿದ್ದಾರೆ, ಎಡಮೂಲೆಯವರ ಪಂಕ್ತಿಗೆ ಸೇರಿಸಲೆಂದು. ಗೌರವವೇ ಸರಿ. ಆದರೂ ಮನಸ್ಸಿಗೆ ಎಲ್ಲೋ ಚುಚ್ಚುತ್ತದೆ.

ಇನ್ನು ಸ್ಕಿಯಾವೊನೆಟ್ಟಿಯನ್ನು ಖಳನಾಯಕ ಮಾಡುವುದು ಸುಲಭ. ಹಾಗೆ ಮಾಡಲಾರೆ. ಬ್ಲೇಕನ ಚಿತ್ರಗಳು ಹೆಚ್ಚಿನವರಿಗೆ ತಲುಪಿದ್ದು ಅವನ ಕೈಯಿಂದಲೇ. ಆ ಪುಸ್ತಕದ ಹಲಗೆಗಳು ಮುಂದೆ ಆಕರ್ಮನ್ ಎಂಬ ಪ್ರಕಾಶಕನಿಗೆ ಹೋಗಿ 1813ರಲ್ಲಿ ಮತ್ತೆ ಅಚ್ಚಾದವು. 1826ರಲ್ಲಂತೂ ಲ್ಯಾಟಿನ್ ಅಮೆರಿಕದ ಓದುಗರಿಗೆಂದು ಅವುಗಳ ಸುತ್ತ ಸ್ಪ್ಯಾನಿಷ್ ಪದ್ಯ ಬರೆಸಿ ಬೇರೊಂದು ಪುಸ್ತಕವನ್ನೇ ಮಾಡಿದರು. ತಾಮ್ರ ತಾಳುವವರೆಗೂ ದುಡಿಸಿಕೊಳ್ಳುವುದು. ಅಜ್ಜ ಸಮಾರಾಧನೆಯಿಂದ ರಸೀದಿಗೆ ಹೋದಂತೆ.

ಮುಖ ಎದುರಿಗೆ ಇಲ್ಲದಿದ್ದರೆ? ನಮ್ಮೂರ ಕಡೆಯ ಒಂದು ಮುಖವೂ ಈ ಲಂಡನ್ ಅಂಗಡಿಗಳಲ್ಲಿ ಭರ್ಜರಿಯಾಗಿ ಮಾರಾಟವಾಯಿತು. ಅದು ಟಿಪ್ಪುವಿನದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಮರುವರ್ಷವೇ ರಾಬರ್ಟ್ ಕರ್ ಪೋರ್ಟರ್ ಎಂಬ ಇಪ್ಪತ್ತರ ಹರೆಯದ ಚಿತ್ರಕಾರ ಲಂಡನ್ನಿನ ಲೈಸಿಯಂ ಎಂಬ ಪ್ರದರ್ಶನಶಾಲೆಯಲ್ಲಿ ಆ ಕಾಳಗದ್ದೊಂದು ದೈತ್ಯ ಚಿತ್ರ ನಿಲ್ಲಿಸಿದ, ನೂರು ಅಡಿಗೂ ಉದ್ದದ ಬಟ್ಟೆ. ಅವನು ಶ್ರೀರಂಗಪಟ್ಟಣ ನೋಡಿದವನಲ್ಲ, ಟಿಪ್ಪುವನ್ನು ನೋಡಿದವನಂತೂ ಅಲ್ಲವೇ ಅಲ್ಲ. ಜನ ಮುಗಿಬಿದ್ದು ನೋಡಿದರು. ಬಾರ್ತೊಲೊಟ್ಸಿಯ ಶಿಷ್ಯ ಜೊವಾನಿ ವೆಂಡ್ರಮಿನಿ ಅದನ್ನು ದೊಡ್ಡ ಸ್ಟಿಪಲ್ ಅಚ್ಚುಗಳಾಗಿ ಕೆತ್ತಿದ. ಮೂಲ ಬಟ್ಟೆ ಮುಂದೆ ಬೆಂಕಿಗೆ ಹೋಯಿತು, ಉಳಿದದ್ದು ವೆಂಡ್ರಮಿನಿಯ ಚುಕ್ಕೆಗಳು. ಅಲ್ಲಿ ಇಂಗ್ಲಿಷರ ದಾಳಿಯ ಮುಂದಾಳು ಜನರಲ್ ಬೇರ್ಡ್ ಬೇರ್ಡನಂತಿದ್ದಾನೆ. ಲಂಡನ್ನಿನಲ್ಲಿ ಅವನ ಮುಖ ಬಲ್ಲವರಿದ್ದರು, ತಪ್ಪಿದರೆ ಕೇಳುವವರಿದ್ದರು. ಮೈಸೂರಿನವರಿಗೆ ಸಿಕ್ಕಿದ್ದು ಪೇಟ, ಮೀಸೆ, ಅಗಲ ಕಣ್ಣು. ಹೆನ್ರಿ ಸಿಂಗಲ್ಟನ್ ಬರೆದು ಬೇರೆಯವರು ಕೆತ್ತಿದ ಸರಣಿಯಲ್ಲಿ ಇನ್ನೊಬ್ಬ ಟಿಪ್ಪು ಸಾಯುತ್ತಾನೆ, ಇವನಿಗೂ ಅವನಿಗೂ ಹೋಲಿಕೆಯಿಲ್ಲ. ದರಿಯಾ ದೌಲತ್‌ನ ಗೋಡೆಯ ಮೇಲೆ ಹೂವು ಮೂಸುತ್ತ ಆನೆಯ ಮೇಲೆ ಹೋಗುವ ಟಿಪ್ಪುವನ್ನು ನೋಡಿ ಬೆಳೆದ ನನಗೆ ಇವರಿಬ್ಬರೂ ಅಪರಿಚಿತರು. ಅದೇ ಹೊತ್ತಿಗೆ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಟಿಪ್ಪುವಿನ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡೇ ಬರೆದಿದ್ದ. ಅವರ ಮುಖಗಳಲ್ಲಿ ಮನುಷ್ಯರು ಕಾಣುತ್ತಾರೆ, ಸೋತ ಸುಸ್ತು ಕಾಣುತ್ತದೆ. ಎದುರಿಗೆ ಕೂರುವುದಕ್ಕೂ ಕೂರದಿರುವುದಕ್ಕೂ ಅಷ್ಟು ಫರಕು.

ಖೋಟಾ ವಿಷಯಕ್ಕೆ ಮತ್ತೆ ಬರಬೇಕು, ಏಕೆಂದರೆ ಮುಖಚಿತ್ರದ ಹಣೆಬರಹ ಬದಲಾದದ್ದು ಅದರಿಂದಲೇ. 1797ರಿಂದ ಬ್ಯಾಂಕ್ ಆಫ್ ಇಂಗ್ಲೆಂಡ್ 1 ಪೌಂಡ್, 2 ಪೌಂಡ್‌ಗಳ ನೋಟು ಹೊರಡಿಸಿತು. ಎಷ್ಟು ಸಾದಾ ನೋಟೆಂದರೆ ಸ್ವಲ್ಪ ಕೈ ನುರಿತ ಯಾರು ಬೇಕಾದರೂ ಮಾಡಬಹುದಿತ್ತು. ಮಾಡಿದರು, ಸಿಕ್ಕಿಬಿದ್ದರು, ನೂರಾರು ಜನ ನೇಣಿಗೆ ಹೋದರು. ಯಾರೂ ನಕಲಿಸಲಾಗದ ನೋಟು ಮಾಡಿಕೊಡುತ್ತೇನೆಂದು 1819ರಲ್ಲಿ ಅಮೆರಿಕದಿಂದ ಜೇಕಬ್ ಪರ್ಕಿನ್ಸ್ ಹಡಗು ಹತ್ತಿ ಬಂದ. ಅವನ ಬಂಡವಾಳ ಉಕ್ಕು. ಮೆದು ಮಾಡಿದ ಉಕ್ಕಿನ ಮೇಲೆ ಕೆತ್ತಿ, ಆಮೇಲೆ ಅದನ್ನು ಗಡಸು ಮಾಡಿ, ಉಕ್ಕಿನ ಉರುಳೆಯೊಂದಕ್ಕೆ ಒತ್ತಿ, ಆ ಉರುಳೆಯಿಂದ ಬೇಕಾದಷ್ಟು ಹಲಗೆಗಳಿಗೆ ಅದೇ ಚಿತ್ರವನ್ನು ಮತ್ತೆ ಮತ್ತೆ ಒತ್ತುವ ವಿದ್ಯೆ. ಬ್ಯಾಂಕು ಒಪ್ಪಲಿಲ್ಲ. ಆದರೆ ಉಕ್ಕಿನ ಸುದ್ದಿ ಕೆತ್ತನೆಗಾರರಿಗೆ ಮುಟ್ಟಿತು. 1822ರ ಹೊತ್ತಿಗೆ ಥಾಮಸ್ ಲಪ್ಟನ್ ಮೆಜೊಟಿಂಟನ್ನೇ ಉಕ್ಕಿನ ಮೇಲೆ ಮಾಡಿ ತೋರಿಸಿದ. ನೂರಕ್ಕೆ ಸೋಲುತ್ತಿದ್ದ ಮುಖ ಸಾವಿರ ದಾಟಿದರೂ ಬಾಡಲಿಲ್ಲ. ಅಲ್ಲಿಂದಾಚೆಗೆ ಅಗ್ಗದ ಪುಸ್ತಕಗಳಲ್ಲೂ ಮುಖಗಳು ತುಂಬಿಕೊಂಡವು. ಉಕ್ಕಿನ ಗೆರೆ ತೆಳು, ಬೆಳ್ಳಿಬಣ್ಣದ್ದು, ಸ್ವಲ್ಪ ತಣ್ಣಗಿನದು. ತಾಮ್ರದ ಬಿಸುಪು ಅದಕ್ಕಿಲ್ಲ. ಪೆಟ್ಟಿಗೆಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ನೀವೇ ಬೇರ್ಪಡಿಸುತ್ತೀರಿ.

ಪರ್ಕಿನ್ಸನ ಉರುಳೆ ಕೊನೆಗೂ ಒಂದು ಮುಖ ಕಂಡಿತು. 1840ರ ಪೆನ್ನಿ ಬ್ಲ್ಯಾಕ್, ಜಗತ್ತಿನ ಮೊದಲ ಅಂಚೆಚೀಟಿ. ಚೀಟಿಯ ಮೇಲೆ ಮುಖವೇ ಏಕೆ ಎಂಬುದಕ್ಕೆ ಆಗ ಕೊಟ್ಟ ಕಾರಣ ಬಹಳ ಚೆನ್ನಾಗಿದೆ: ಹೂಬಳ್ಳಿ ಚೂರು ಬದಲಾದರೆ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಮುಖ ಕೂದಲೆಳೆಯಷ್ಟು ಬದಲಾದರೂ ‘ಯಾಕೋ ಸರಿಯಿಲ್ಲ’ ಅನಿಸುತ್ತದೆ. ಆ ಮುಖ ಬಂದ ದಾರಿ ನೋಡಿ. ಹದಿನೈದರ ವಿಕ್ಟೋರಿಯಾಳನ್ನು ನೋಡಿ ವಿಲಿಯಂ ವಯೋನ್ ಬರೆದುಕೊಂಡ, ಅದರಿಂದ 1837ರಲ್ಲಿ ಒಂದು ಪದಕ ಮಾಡಿದ, ಪದಕ ನೋಡಿ ಹೆನ್ರಿ ಕಾರ್ಬೋಲ್ಡ್ ಚಿತ್ರ ಬರೆದ, ಚಿತ್ರ ನೋಡಿ ಚಾರ್ಲ್ಸ್ ಹೀತ್ ಮತ್ತವನ ಮಗ ಫ್ರೆಡರಿಕ್ ಉಕ್ಕಿನಲ್ಲಿ ಕೆತ್ತಿದರು. ಒಂದು ಹಾಳೆಗೆ 240 ರಾಣಿಯರು. ಒಟ್ಟು 6.8 ಕೋಟಿಯಷ್ಟು ಚೀಟಿ ಅಚ್ಚಾಯಿತು. ರಾಣಿ ಮುದುಕಿಯಾದಳು, ವಿಧವೆಯಾದಳು, ಅಂಚೆಚೀಟಿಯಲ್ಲಿ ಮಾತ್ರ ದಶಕಗಟ್ಟಲೆ ಹುಡುಗಿಯಾಗಿಯೇ ಇದ್ದಳು. ಆ ಚೀಟಿಯಲ್ಲಿ ಎಡಮೂಲೆ ಬಲಮೂಲೆಗಳ ಹೆಸರಿಲ್ಲ. ಕೆಳಮೂಲೆಗಳೆರಡರಲ್ಲೂ ಒಂದೊಂದು ಅಕ್ಷರವಿದೆ ನಿಜ, ಆದರೆ ಅದು ಆ ಚೀಟಿ ಹಾಳೆಯ ಯಾವ ಸಾಲಿನ ಎಷ್ಟನೆಯದು ಎಂಬ ಲೆಕ್ಕ.

ನನ್ನ ಹಾಳೆಯ ಅಂಚು ಕತ್ತರಿಸಿದ್ದು ಯಾಕಿರಬಹುದು ಎಂಬುದಕ್ಕೂ ಒಂದು ಹಿನ್ನೆಲೆಯಿದೆ. 1769ರಲ್ಲಿ ಜೇಮ್ಸ್ ಗ್ರೇಂಜರ್ ಎಂಬ ಪಾದ್ರಿ ಇಂಗ್ಲೆಂಡಿನ ಗಣ್ಯರನ್ನು ಅವರ ಅಚ್ಚು ಮುಖಚಿತ್ರಗಳ ಪಟ್ಟಿಯೊಂದಿಗೆ ವರ್ಗೀಕರಿಸಿ ಪುಸ್ತಕ ಬರೆದ. ಅದನ್ನು ಹಿಡಿದು ಶ್ರೀಮಂತರಿಗೆ ಒಂದು ಹುಚ್ಚು ಹತ್ತಿತು. ಸಿಕ್ಕಸಿಕ್ಕ ಪುಸ್ತಕಗಳಿಂದ ಮುಖಗಳನ್ನು ಕತ್ತರಿಸಿ ತಮ್ಮ ಪುಸ್ತಕದ ಹಾಳೆಗಳ ನಡುವೆ ಅಂಟಿಸುವುದು, ಒಂದು ಸಂಪುಟ ಹತ್ತಾಗಿ ಉಬ್ಬುವವರೆಗೆ. ಅಂಟಿಸಲು ಹೊಂದದ ಅಂಚನ್ನು ಕತ್ತರಿಸಿ ಬಿಸಾಡುವುದು. ಮುಖ ಬೇಕಿತ್ತು ಅವರಿಗೆ, ಅಂಚಿನಲ್ಲಿದ್ದ ಹೆಸರುಗಳಲ್ಲ.

ಊರಿಗೆ ಬಂದ ಮೇಲೆ ಹಾಳೆಯನ್ನು ಮಾವನಿಗೆ ತೋರಿಸಿದೆ. ಅವರಿಗೀಗ ಎಂಬತ್ತಾರು. ಪ್ರೆಸ್ ಮುಚ್ಚಿ ಎಷ್ಟೋ ಕಾಲವಾಯಿತು, ಟ್ರೆಡಲ್ ಗುಜರಿಗೆ ಹೋಯಿತು. ಬಂದ ನೆಂಟರೆಲ್ಲ ‘ಯಾರು ಈ ದೊರೆ’ ಅಂತ ಕೇಳಿದ್ದರು. ಮಾವ ಕೇಳಲಿಲ್ಲ. ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರ ತಂದು, ಹೆಬ್ಬೆರಳಿನಲ್ಲಿ ಅಂಚು ಸವರಿದರು. ತಾಮ್ರದ ಹಲಗೆ ಕಾಗದವನ್ನು ಒತ್ತಿದ ಗುರುತು ಮೂರು ಕಡೆ ಇನ್ನೂ ಇದೆ, ಕತ್ತರಿಸಿದ ಕಡೆ ಮಾತ್ರ ಇಲ್ಲ. ಹಾಳೆ ಮಗುಚಿ ಹಿಂಬದಿ ನೋಡಿದರು. ಮತ್ತೆ ತಿರುಗಿಸಿ ಕೆನ್ನೆಯನ್ನು ನೋಡಿದರು, ಬಹಳ ಹೊತ್ತು.

“ಯಾರೋ ಮಾಡಿದ್ದು ಇದನ್ನ?”

ಬಲಮೂಲೆಯ ಎರಡು ಅಕ್ಷರ ತೋರಿಸಿದೆ.

“ಇಷ್ಟೇನಾ,” ಅಂದರು. ಆಮೇಲೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, “ಒಳ್ಳೆ ಪ್ರತಿ ಸಿಕ್ಕಿದೆ ಬಿಡು ನಿಂಗೆ. ಮೊದಮೊದಲು ತೆಗೆದದ್ದಿರಬೇಕು. ಇನ್ನೂ ಸವೆದಿಲ್ಲ.”